ಸಣ್ಣೀರಮ್ಮನ ಹಾಡಿನ ಕಟ್ಟೆ

ಮುತ್ತುಗದ ಕಾಡಿನಲ್ಲಿ ಎರಡು ನೀರುಗಳಿದ್ದವು. ಮೇಲೆ, ಬಂಡೆಗಳ ನಡುವೆ, ಒರತೆಯಿಂದ ತುಂಬುವ ಒಂದು ಮಡು. ಕೆಳಗೆ, ಜೊಂಡು ಬೆಳೆದ ಒಂದು ಹೊಂಡ. ಮಡುವಿನಿಂದ ಹೊಂಡಕ್ಕೆ ಒಂದು ತೊರೆ. ತೊರೆ ಎಂದರೆ ದೊಡ್ಡದೇನೂ ಅಲ್ಲ, ಮೊಲವೊಂದು ಜಿಗಿದು ದಾಟುವಷ್ಟು ಅಗಲ. ಅದು ಹೊರಡುವ ಜಾಗ, ಅಂದರೆ ಮಡುವಿನ ಬಾಯಿ, ಇನ್ನೂ ಕಿರಿದು. ಒಂದು ಕಾಡುಹಂದಿ ಅಡ್ಡ ಮಲಗಿದರೆ ಮುಚ್ಚಿಹೋಗುವಷ್ಟು. ಮಕ್ಕಳೇ, ಈ ಅಳತೆಯನ್ನು ಚೆನ್ನಾಗಿ ನೆನಪಿಟ್ಟುಕೊಳ್ಳಿ. ಕತೆಯಲ್ಲಿರುವ ದೊಡ್ಡವರೆಲ್ಲ ಇದನ್ನು ಮರೆಯಲಿದ್ದಾರೆ.

ಕೆಳಗಿನ ಹೊಂಡದಲ್ಲಿ ಸಣ್ಣೀರಮ್ಮ ಎಂಬ ಮುದಿ ಕಪ್ಪೆ ವಾಸವಾಗಿದ್ದಳು. ಅವಳ ಪಕ್ಕದ ಬಿಲ ಬಂಡಯ್ಯನೆಂಬ ಏಡಿಯದು. ಇಬ್ಬರೂ ಹಳೆಯ ನೆರೆಹೊರೆ. ದಿನಕ್ಕೆ ಎರಡು ಸಲ ಜಗಳವಾಡದಿದ್ದರೆ ಇಬ್ಬರಿಗೂ ಊಟ ಸೇರುತ್ತಿರಲಿಲ್ಲ.

ಬೇಸಿಗೆ ಬಂತೆಂದರೆ ಕೋರೆಯ್ಯನೆಂಬ ಕಾಡುಹಂದಿಗೆ ಮೈ ಉರಿ. ತಂಪಿಗೆಂದು ಬಂದು ಮಡುವಿನ ಬಾಯಲ್ಲೇ ಹೊರಳಾಡಿ, ಅಲ್ಲೇ ಗೊರಕೆ ಹೊಡೆಯುತ್ತಿದ್ದ. ಕೆಳಗೆ ನೀರು ನಿಲ್ಲುತ್ತಿತ್ತು. ದೊಡ್ಡ ಕಪ್ಪೆಗಳಾದರೆ ಹಾರಿ ಬೇರೆಡೆ ಹೋದಾವು. ಗೊದಮೊಟ್ಟೆಗಳು ಎಲ್ಲಿಗೆ ಹೋಗಬೇಕು? ಅವಕ್ಕೆ ಇನ್ನೂ ಕಾಲೇ ಬಂದಿರುವುದಿಲ್ಲ. ನೀರು ಹೋದರೆ ಅವೂ ಹೋದಂತೆ.

ಹಂದಿಯನ್ನು ಕಪ್ಪೆ ಎಬ್ಬಿಸುವುದು ಹೇಗೆ? ಕಚ್ಚಲು ಹಲ್ಲಿಲ್ಲ, ಗೀರಲು ಉಗುರಿಲ್ಲ. ಇದ್ದದ್ದು ಒಂದು ಹಾಡು. ಸಣ್ಣೀರಮ್ಮನ ಅಜ್ಜಿ ಕಟ್ಟಿದ ಹಾಡು.

"ಹರಿಯೋ ನೀರಿಗೆ ಅಡ್ಡ ಕೂತಿರೋದು ಯಾರು?
ಕೂತಿರೋದು ಕೋರೆಯ್ಯ, ಏಳಲಿ ಮ್ಯಾಲೆ!
ಕಾಲು ಮೂಡದ ಕೂಸು ಕೆಳಗಡೆ ಐತೆ,
ಬಿಡಿರಪ್ಪೊ ದಾರಿ, ಬಿಡಿರಪ್ಪೊ ದಾರಿ!"

ಕೋರೆಯ್ಯನ ಹೆಸರು ಹಾಡಿನಲ್ಲಿ ಖಾಯಂ ಅಲ್ಲ. ಆ ಜಾಗವನ್ನು ಅಜ್ಜಿ ಖಾಲಿ ಬಿಟ್ಟಿದ್ದಳು. ಅದಕ್ಕೆ 'ಗೂಡು' ಎಂದು ಹೆಸರು. ಆ ವರ್ಷ ಯಾರು ನೀರಿಗೆ ಅಡ್ಡವೋ ಅವರ ಹೆಸರು ಗೂಡಿಗೆ. ಅಜ್ಜಿಯ ಕಾಲದಲ್ಲಿ ಹುಲಿ ಬಂದು ಕೂತಾಗ ಹುಲಿಯ ಹೆಸರು. ಒಂದು ವರ್ಷ ಅಜ್ಜಿಯ ಸ್ವಂತ ಅಣ್ಣನೇ ಮನೆ ಕಟ್ಟಿಕೊಳ್ಳಲು ಕಸಕಡ್ಡಿ ಗುಡ್ಡೆ ಹಾಕಿ ನೀರು ನಿಲ್ಲಿಸಿದ್ದ. ಆ ವರ್ಷ ಅಣ್ಣನ ಹೆಸರು. ಅಜ್ಜಿ ಮುಲಾಜು ನೋಡಿದವಳಲ್ಲ.

ಇದಕ್ಕೊಂದು ಕಟ್ಟಳೆ ಇತ್ತು. ಹೆಸರು ಹಾಕುವವರು ಮೊದಲು ತೊರೆಯ ಗುಂಟ ಕೆಳಗಿನಿಂದ ಮೇಲಿನವರೆಗೆ ತಾವೇ ನಡೆದುಹೋಗಿ, ಯಾರು ಕೂತಿದ್ದಾರೆಂದು ಕಣ್ಣಾರೆ ನೋಡಬೇಕು. ನೋಡದೆ ಗೂಡು ತುಂಬುವಂತಿಲ್ಲ. ಹೆಸರು ಬಂದವರು ಏಳುವವರೆಗೆ ಹಾಡು ನಿಲ್ಲಿಸುವಂತಿಲ್ಲ.

ಈ ಕತೆ ನಡೆದ ಬೇಸಿಗೆಯಲ್ಲೂ ಸಣ್ಣೀರಮ್ಮ ಹಾಗೆಯೇ ನಡೆದುಹೋಗಿ, ನೋಡಿ, ಕಪ್ಪೆಗಳ ದಂಡು ಕಟ್ಟಿಕೊಂಡು ಹಾಡಿದ್ದಳು. ಕೋರೆಯ್ಯ ಕಿವಿ ಮಡಚಿದ. ಮಗ್ಗುಲು ಬದಲಿಸಿದ. ಕೆಸರಿನಲ್ಲಿ ಮೂತಿ ಹೂತ. ಕೊನೆಗೆ ಎದ್ದು ಕೂತ.

"ಏಳ್ತೀನಿ ಕಣಜ್ಜೀ, ಏಳ್ತೀನಿ. ಹೆಸರು ಹಿಡಿದು ಬೇರೆ ಹಾಡಬೇಕಾ? ಮನೇಲಿ ಮರಿಗಳು ಕೇಳಿಸ್ಕೊಳ್ತಾವೆ."

"ಕೇಳಿಸ್ಕೊಳ್ಳಲಿ ಅಂತಲೇ ಹಾಡಿದ್ದು," ಎಂದಳು ಸಣ್ಣೀರಮ್ಮ.

ಇಷ್ಟು ಗಟ್ಟಿ ಹೆಂಗಸಿಗೆ ಒಂದೇ ಒಂದು ಕೊರತೆ. ಯಾರಾದರೂ ಹೊಗಳಿದರೆ ಅವಳ ಗಂಟಲು ಉಬ್ಬುತ್ತಿತ್ತು. ಉಬ್ಬಿದ್ದು ಇಳಿಯಲು ಬಹಳ ಹೊತ್ತು ಬೇಕಾಗುತ್ತಿತ್ತು. ಅಷ್ಟು ಹೊತ್ತೂ ಅವಳಿಗೆ ಬೇರೇನೂ ಕೇಳಿಸುತ್ತಿರಲಿಲ್ಲ.

ಹಂದಿ ಎದ್ದುಹೋದದ್ದನ್ನು ಪೊದೆಯ ಮರೆಯಿಂದ ಒಂದು ನರಿ ನೋಡುತ್ತಿತ್ತು. ಅವನ ಹೆಸರು ಜಂಬುಲಿಂಗ. ನೆಲದ ಮೇಲೆ ಓಡಾಡುವ ಪ್ರಾಣಿಗಳನ್ನೆಲ್ಲ ಸೇರಿಸಿ 'ನೆಲವಾಸಿಗಳ ಕೂಟ' ಕಟ್ಟಿಕೊಂಡಿದ್ದ ಮುಖಂಡ. ಮುಂದಿನ ಮಳೆಗಾಲಕ್ಕೆ ಕಾಡಿಗೆ ಹೊಸ ಯಜಮಾನನನ್ನು ಆರಿಸಬೇಕಾಗಿತ್ತು.

'ಹಲ್ಲಿಲ್ಲದ ಮುದುಕಿ ಹಾಡಿನಿಂದ ಹಂದಿಯನ್ನೇ ಎಬ್ಬಿಸ್ತಾಳೆ. ಈ ಹಾಡು ನನ್ನ ಕೈಯಲ್ಲಿದ್ದರೆ?' ಎಂದುಕೊಂಡ ಜಂಬುಲಿಂಗ.

ಮರುದಿನವೇ ಹೊಂಡದ ದಡಕ್ಕೆ ಬಂದು ಬಾಲ ಮಡಚಿ ಕೂತ.

"ತಾಯೀ, ನಿಮ್ಮ ಹಾಡು ಕೇಳಿ ನನಗೆ ಕಣ್ಣೀರೇ ಬಂತು. ಇದು ಬರೀ ಕಪ್ಪೆಗಳ ಹಾಡಲ್ಲ. ನೆಲದ ಮೇಲೆ ಕಾಲೂರಿ ನಡೆಯೋ ಪ್ರತಿಯೊಬ್ಬರ ಹಾಡು."

ಸಣ್ಣೀರಮ್ಮನ ಗಂಟಲು ಸ್ವಲ್ಪ ಉಬ್ಬಿತು. "ಹಾಗಂತೀಯೇನಪ್ಪ? ಇದು ನೀರಿನ ಹಾಡು."

"ನೀರು ಅಂದರೆ ನೀರಲ್ಲ ತಾಯಿ."

"ಮತ್ತೇನಪ್ಪ?"

"ಅಧಿಕಾರ! ಮೇಲೆ ಕೂತು ಅದನ್ನು ತಡೆದಿರೋರು ಯಾರು? ಮರದ ಮೇಲಿನ ಮುಸುವಗಳು. ಗೂಡಿಗೆ ಅವರ ಹೆಸರೇ ಬರಬೇಕು."

"ಮುಸುವಗಳು ನೀರಿಗೆ ಅಡ್ಡ ಕೂತದ್ದನ್ನ ನಾನು ನೋಡಿಲ್ಲವಲ್ಲ..."

"ನೋಡೋದೇನು ಬಂತು ತಾಯಿ? ನಿಮ್ಮಂಥ ದೊಡ್ಡ ಕಲಾವಿದರು ಹೋಗಿ ನೋಡಬೇಕೇ? ನಾವು ನೋಡಿಕೊಳ್ತೀವಿ."

ದೊಡ್ಡ ಕಲಾವಿದರು! ಅವಳ ಗಂಟಲು ಹೊಂಗೆಕಾಯಿಯಷ್ಟಾಯಿತು.

ಪಕ್ಕದ ಬಿಲದಿಂದ ಬಂಡಯ್ಯ ಒಂದು ಕಣ್ಣು ಹೊರಗೆ ಹಾಕಿದ. "ಸಣ್ಣೀರೀ, ನಂಗೆ ಮಾತ್ರ ನೀರು ಅಂದ್ರೆ ನೀರೇ ಕಣೇ."

"ನಿನಗೇನು ಗೊತ್ತು, ಅಡ್ಡಡ್ಡ ನಡೆಯೋನಿಗೆ!" ಎಂದಳು ಸಣ್ಣೀರಮ್ಮ.

ನರಿ ಬಂದುಹೋದ ಸುದ್ದಿ ಮರದ ತುದಿ ಮುಟ್ಟಲು ಎಷ್ಟು ಹೊತ್ತು? 'ಮರವಾಸಿಗಳ ಕೂಟ'ದ ಮುಖಂಡ, ಲಾಗಪ್ಪನೆಂಬ ಮುಸುವ, ಎರಡು ಲಾಗ ಹಾಕಿ ದಡಕ್ಕೆ ಇಳಿದ. ಕೈಯಲ್ಲಿ ಅತ್ತಿಹಣ್ಣು. ಅತ್ತಿಹಣ್ಣಿನಲ್ಲಿ ಹುಳ ಇರುತ್ತದೆ, ಅದನ್ನು ಕಪ್ಪೆ ತಿನ್ನುತ್ತದೆ ಎನ್ನುವಷ್ಟು ಮುಂದಾಲೋಚನೆ ಅವನದು.

"ಅಮ್ಮಾ, ಆ ನರಿಯ ಮಾತು ನಂಬಬೇಡಿ. ನಿಮ್ಮ ಹಾಡಿನಲ್ಲೇ ಸ್ಪಷ್ಟವಾಗಿದೆ. ಕಾಲು ಮೂಡದ ಕೂಸು ಅಂದರೆ ಯಾರು? ನೆಲದ ಮೇಲೆ ಕಾಲಿಡಲು ಜಾಗವೇ ಇಲ್ಲದೆ ಕೊಂಬೆಗೆ ಜೋತುಬಿದ್ದ ನಾವು! ನಿಮ್ಮ ಅಜ್ಜಿ ನಮಗಾಗಿ ಹಾಡು ಕಟ್ಟಿದ ಮಹಾತಾಯಿ."

"ಇವಳಜ್ಜಿ ಮುಸುವಗಳನ್ನ ಕಂಡ್ರೆ ಕಲ್ಲು ಹೊಡೀತಿದ್ದಳು," ಎಂದ ಬಂಡಯ್ಯ, ಬಿಲದೊಳಗಿಂದ. "ನನಗೂ ಒಂದು ತಗುಲಿತ್ತು."

ಲಾಗಪ್ಪ ಕೇಳಿಸಿಕೊಳ್ಳಲಿಲ್ಲ. ಸಣ್ಣೀರಮ್ಮನಿಗೆ ಕೇಳಿಸಲೇ ಇಲ್ಲ. ಗಂಟಲು ಉಬ್ಬಿತ್ತು.

ಅಲ್ಲಿಂದ ಕಾಡಿನಲ್ಲಿ ಬೇರೆ ಸದ್ದೇ ಇಲ್ಲ. ತೊರೆಯ ಎಡದಂಡೆಯ ಬಯಲು ನೆಲವಾಸಿಗಳದು. ಅಲ್ಲಿ "ಕೂತಿರೋದು ಮುಸುವ, ಏಳಲಿ ಮ್ಯಾಲೆ!" ಬಲದಂಡೆಯ ಮರಗಳು ಮರವಾಸಿಗಳವು. ಅಲ್ಲಿ "ಕೂತಿರೋದು ನರಿಯಪ್ಪ, ಏಳಲಿ ಮ್ಯಾಲೆ!" ಮೊಲಗಳು ಹಾಡಿದವು, ಅಳಿಲುಗಳು ಹಾಡಿದವು. ಎಂದೂ ನೀರು ಮುಟ್ಟದ ಉಡವೂ ಹಾಡಿತು. ಯಾರ ಹೆಸರು ಹಾಡಿದರೂ ಯಾರೂ ಏಳಲಿಲ್ಲ. ಯಾರೂ ಏಳಲಿಲ್ಲವೆಂದು ಯಾರಿಗೂ ಬೇಸರವಾಗಲಿಲ್ಲ. ಹಾಡುವುದೇ ಬಲು ಚೆನ್ನಾಗಿತ್ತು.

ಎರಡು ಕೂಟಗಳೂ ಸಣ್ಣೀರಮ್ಮನನ್ನು ತಮ್ಮ ಸಭೆಗೆ ಕರೆದವು. ಅವಳು ಬೆಳಗ್ಗೆ ಎಡದಂಡೆಯಲ್ಲಿ ಕೂತು ತಲೆದೂಗಿದಳು, ಮಧ್ಯಾಹ್ನ ಬಲದಂಡೆಯಲ್ಲಿ ಕೂತು ತಲೆದೂಗಿದಳು. ಒಬ್ಬರನ್ನು ಬಿಟ್ಟರೆ ಅರ್ಧ ಹೊಗಳಿಕೆ ಹೋಗಿಬಿಡುತ್ತದಲ್ಲ!

ಕೊನೆಗೆ ಇಬ್ಬರೂ ಮುಖಂಡರು ಕಚ್ಚಾಡುತ್ತ, ಹಾಡಿನ ನಿಜವಾದ ಅರ್ಥವೇನೆಂದು ತೀರ್ಮಾನಿಸಲು ಪಂಡಿತ ಧವಳಪ್ಪನ ಬಳಿಗೆ ಹೋದರು. ಧವಳಪ್ಪ ಒಂದು ಕೊಕ್ಕರೆ. ಒಂಟಿಕಾಲಲ್ಲಿ ನಿಂತು ಕಣ್ಣು ಮುಚ್ಚಿಕೊಳ್ಳುವುದರಿಂದ ಅವನಿಗೆ ಪಂಡಿತನೆಂದು ಹೆಸರು ಬಂದಿತ್ತು. ಕೊಕ್ಕರೆ ಏನು ತಿನ್ನುತ್ತದೆಂದು ನಿಮಗೆ ಗೊತ್ತಲ್ಲ? ಸಣ್ಣೀರಮ್ಮನಿಗೂ ಗೊತ್ತಿತ್ತು. ಆದ್ದರಿಂದ ಅವಳು ಒಂಬತ್ತು ನೆಗೆತದಷ್ಟು ದೂರ ಕೂತಳು.

"ಹಾಡನ್ನು ಈವರೆಗೆ ಯಾರೂ ಅರ್ಥ ಮಾಡಿಕೊಂಡಿಲ್ಲ," ಎಂದು ಧವಳಪ್ಪ ಕಣ್ಣು ತೆರೆಯದೆಯೇ ಶುರುಮಾಡಿದ. "ಹಾಡಿದವರಂತೂ ಖಂಡಿತ ಇಲ್ಲ. ಇಲ್ಲಿ ನೀರು ನೀರೂ ಅಲ್ಲ, ಅಧಿಕಾರವೂ ಅಲ್ಲ. ಅದು ಹರಿವು. ಕೂಸು ಕೂಸಲ್ಲ. ಅದು ಇನ್ನೂ ಆಗದ್ದು. ಕೂತಿರುವುದು..." ಎಂದು ಸ್ವಲ್ಪ ತಡೆದ. "ಅದು ನಾವೆಲ್ಲ ಮಾಡುತ್ತಿರುವುದು."

"ಆಹಾ!" ಎಂದ ಜಂಬುಲಿಂಗ.

"ಅದ್ಭುತ!" ಎಂದ ಲಾಗಪ್ಪ.

ಇಬ್ಬರಿಗೂ ಏನೂ ತಿಳಿದಿರಲಿಲ್ಲ. ಆದರೆ ತಿಳಿದಿಲ್ಲವೆಂದು ಮೊದಲು ಹೇಳುವವರು ಯಾರು?

"ಗೂಡಿಗೆ ಯಾರ ಹೆಸರು ಹಾಕೋದು ಸ್ವಾಮಿ?" ಎಂದಳು ಸಣ್ಣೀರಮ್ಮ.

"ವರ್ಷವರ್ಷವೂ ಹೆಸರು ಬದಲಾಯಿಸುವುದು ಶಾಸ್ತ್ರೀಯವಲ್ಲ. ಪಠ್ಯ ಕೆಡುತ್ತದೆ. ನಿಮ್ಮ ಅಜ್ಜಿ ಹುಲಿಯ ಹೆಸರು ಹಾಡಿದ್ದಳಷ್ಟೆ? ಇನ್ನು ಮುಂದೆ ಎಂದೆಂದಿಗೂ ಹುಲಿಯೇ."

ಆ ಕಾಡಿನಲ್ಲಿ ಹುಲಿ ಸತ್ತು ಮೂರು ತಲೆಮಾರಾಗಿತ್ತು. ಸತ್ತ ಹುಲಿಯನ್ನು ಬೈದರೆ ಯಾರಿಗೂ ನೋವಿಲ್ಲ, ಯಾರೂ ಏಳಬೇಕಾಗಿಲ್ಲ. ಇಬ್ಬರೂ ಮುಖಂಡರು ಒಪ್ಪಿದರು. ಜೀವಮಾನದಲ್ಲಿ ಅವರಿಬ್ಬರೂ ಒಪ್ಪಿದ್ದು ಅದೊಂದೇ.

"ಅಮ್ಮನವರು ಏನಂತೀರಿ?"

ಸಣ್ಣೀರಮ್ಮನ ಮನಸ್ಸು ಅಳುಕಿತು. ಗೂಡು ಖಾಲಿ ಇರಬೇಕು, ನೋಡಿದ ಮೇಲೆ ತುಂಬಬೇಕು. ಅಜ್ಜಿ ಅವಳಿಗೆ ಮೊದಲು ಕಲಿಸಿದ್ದು ಹಾಡನ್ನಲ್ಲ, ಆ ನಡಿಗೆಯನ್ನು. ಹೇಳಬೇಕೆಂದು ಬಾಯಿ ತೆರೆದಳು. ಅಷ್ಟರಲ್ಲಿ ಧವಳಪ್ಪ ಹೇಳಿದ:

"ಹಾಡಿನ ನೆನಪಿಗೆ ಒಂದು ಕಟ್ಟೆ ಕಟ್ಟಬೇಕು. ಅದರ ಮೇಲೆ ಸಣ್ಣೀರಮ್ಮನವರೇ ಕೂರಬೇಕು. ಅವರು ಬರೀ ಕಪ್ಪೆಯಲ್ಲ, ಪರಂಪರೆ."

ತೆರೆದ ಬಾಯಿ ಹಾಗೆಯೇ ಮುಚ್ಚಿತು. ಗಂಟಲು ಉಬ್ಬಿತು. ಅವಳು ಒಂಬತ್ತು ನೆಗೆತದಿಂದ ಎರಡು ನೆಗೆತದ ದೂರಕ್ಕೆ ಬಂದು ಕೂತಳು. ಧವಳಪ್ಪ ಒಂದು ಕಣ್ಣು ತೆರೆದು ನೋಡಿ, ಕಷ್ಟಪಟ್ಟು ಮತ್ತೆ ಮುಚ್ಚಿಕೊಂಡ.

ಕಟ್ಟೆಗೆ ಬೇಕಾದ ಚಪ್ಪಡಿ ಗುಡ್ಡದ ಬುಡದಲ್ಲಿತ್ತು. ಉರುಳಿಸಲು ಬಲ ಬೇಕಲ್ಲ, ಕೋರೆಯ್ಯನನ್ನು ಕರೆಸಿದರು. ಅವನು ಮೂತಿಯಿಂದ ದೂಡಿಕೊಂಡು ಮಡುವಿನ ಹತ್ತಿರ ತಂದು ನಿಂತ.

"ಎಲ್ಲಿಡ್ಲಿ?"

"ಎಡದಂಡೆಯಲ್ಲಿ!" ಎಂದ ನರಿ.

"ಬಲದಂಡೆಯಲ್ಲಿ!" ಎಂದ ಮುಸುವ.

"ಎಡದಂಡೆಯಲ್ಲಿಟ್ಟರೆ ಹಾಡು ನೆಲವಾಸಿಗಳದಾಯ್ತು," ಎಂದು ಮುಸುವ ತಕರಾರು ತೆಗೆದ.

"ಬಲದಂಡೆಯಲ್ಲಿಟ್ಟರೆ ಮರವಾಸಿಗಳದಾಯ್ತು," ಎಂದ ನರಿ.

ಸೂರ್ಯ ನೆತ್ತಿಗೆ ಬರುವವರೆಗೆ ವಾದ ನಡೆಯಿತು. ಚಪ್ಪಡಿಯನ್ನು ಒರಗಿಸಿಕೊಂಡು ನಿಂತ ಹಂದಿಗೆ ಬೆವರು. ಕೊನೆಗೆ ಅಳತೆ ಮಾಡಿಸಿದರು. ಎಡಕ್ಕೂ ಸೇರದ, ಬಲಕ್ಕೂ ಸೇರದ ಜಾಗ ಒಂದೇ ಒಂದು ಸಿಕ್ಕಿತು. ಎರಡು ದಂಡೆಗಳ ನಡುವೆ, ಮಡುವಿನ ಬಾಯಲ್ಲಿ.

ಕೋರೆಯ್ಯ ಹಿಂದೆ ಸರಿದ. "ಅದು ನೀರಿನ ದಾರಿ ಕಣ್ರಪ್ಪ. ನಾನಲ್ಲಿ ಮಲಗಿದ್ದಕ್ಕೇ ಈ ಅಜ್ಜಿ ನನ್ನ ಮಾನ ಹರಾಜು ಹಾಕಿದ್ದು."

"ಬಾಯಿ ಮುಚ್ಚು!" ಎಂದ ಜಂಬುಲಿಂಗ. "ಹಾಡಿನ ಶತ್ರು ನೀನು. ಹಾಡಿನ ವಿಷಯದಲ್ಲಿ ನಿನಗೇನು ಮಾತು?"

ಸಣ್ಣೀರಮ್ಮನಿಗೆ ಕೋರೆಯ್ಯನ ಮಾತು ಕೇಳಿಸಿತು. ಇದನ್ನು ಮುಚ್ಚಿಡುವುದು ಸರಿಯಲ್ಲ ಮಕ್ಕಳೇ. ಅವಳಿಗೆ ಕೇಳಿಸಿತು. ಆದರೆ ಆಗ ಅವಳ ಕೊರಳಿಗೆ ಹೊಂಗೆ ಹೂವಿನ ಮಾಲೆ ಬೀಳುತ್ತಿತ್ತು. ಮಾಲೆ ಅವಳ ಗಾತ್ರಕ್ಕೆ ದೊಡ್ಡದಾಗಿ ಕಣ್ಣನ್ನೂ ಮುಚ್ಚಿತು.

ಚಪ್ಪಡಿ ಮಡುವಿನ ಬಾಯಲ್ಲಿ ಕೂತಿತು. ಚಪ್ಪಡಿಯ ಮೇಲೆ ಸಣ್ಣೀರಮ್ಮ ಕೂತಳು. ಮೊದಮೊದಲು ಸಂದಿಗಳಿಂದ ನೀರು ಸೋರಿ ಕೆಳಕ್ಕೆ ಹರಿಯುತ್ತಿತ್ತು. ಅದರಿಂದ ಸಭೆಗೆ ಬರುವ ಗಣ್ಯರ ಕಾಲು ಒದ್ದೆಯಾಗುತ್ತದೆಂದು ಎಡಬದಿಯ ಸಂದಿಗೆ ನೆಲವಾಸಿಗಳು ಜೇಡಿಮಣ್ಣು ಮೆತ್ತಿದರು. ಅವರು ಮೆತ್ತಿದರೆಂದು ಬಲಬದಿಯ ಸಂದಿಗೆ ಮರವಾಸಿಗಳು ಇನ್ನೂ ದಪ್ಪಗೆ ಮೆತ್ತಿದರು.

ಮಡುವಿನಲ್ಲಿ ನೀರು ಏರತೊಡಗಿತು.

"ನೋಡಿದಿರಾ!" ಎಂದು ಲಾಗಪ್ಪ ಕೂಗಿದ. "ನಾವು ಹಾಡಿದ್ದಕ್ಕೆ ನೀರು ಏರಿತು!"

"ನೀವಲ್ಲ, ನಾವು ಹಾಡಿದ್ದಕ್ಕೆ!" ಎಂದ ಜಂಬುಲಿಂಗ.

ಸಣ್ಣೀರಮ್ಮ ತುಂಬಿದ ಮಡುವಿನಲ್ಲಿ ಕಾಲು ಇಳಿಬಿಟ್ಟುಕೊಂಡು ತಲೆದೂಗಿದಳು. ಅವಳ ಜೀವಮಾನದಲ್ಲಿ ಬೇಸಿಗೆಯಲ್ಲಿ ಇಷ್ಟು ನೀರು ಕಂಡಿರಲಿಲ್ಲ. ಇಷ್ಟು ದಿನ ನಡೆದು ನಡೆದು ಸವೆದ ಪಾದಕ್ಕೆ ಹಾಯೆನಿಸಿತು.

ನಾಲ್ಕನೆಯ ದಿನ ಬಂಡಯ್ಯ ಅಡ್ಡಡ್ಡ ನಡೆಯುತ್ತ ಮೇಲೆ ಬಂದ. ಏಡಿಗೆ ಅದು ಸಣ್ಣ ದಾರಿಯಲ್ಲ. ಕಾಲುಗಳೆಲ್ಲ ಧೂಳಾಗಿದ್ದವು.

"ಸಣ್ಣೀರೀ, ಕೆಳಗೆ ನೀರು ನಿಂತಿದೆ."

"ಏನು ಮಾತು ಬಂಡಯ್ಯ? ಮೇಲೆ ನೋಡು, ತುಂಬಿ ತುಳುಕ್ತಿದೆ!"

"ನಾನು ಹೇಳ್ತಿರೋದು ಕೆಳಗಿನ ಮಾತು."

"ಇವತ್ತು ಎರಡು ಸಭೆ ಇದೆ. ನಾಳೆ ನೋಡೋಣ."

"ನಿನ್ನ ಮೊಮ್ಮಕ್ಕಳಿಗೆ ಹಿಂಗಾಲೂ ಮೂಡಿಲ್ಲ ಕಣೇ."

"ಶ್! ಹಾಡು ಶುರುವಾಯ್ತು," ಎಂದಳು ಸಣ್ಣೀರಮ್ಮ. ಕಾಲಿಲ್ಲದ ಕೂಸಿನ ಹಾಡು ಶುರುವಾಗಿತ್ತು. ಅದನ್ನು ಹಾಡುವ ಗದ್ದಲದಲ್ಲಿ ಬಂಡಯ್ಯ ಹೇಳಿದ್ದು ಮುಳುಗಿಹೋಯಿತು.

ಏಳನೆಯ ದಿನ ಬಂಡಯ್ಯ ಮತ್ತೆ ಬಂದ. ಈ ಸಲ ಕೊಂಡಿಯಲ್ಲಿ ಹಿಡಿದು ತಂದದ್ದನ್ನು ಅವಳ ಮುಂದಿಟ್ಟ. ಒಣಗಿದ ಕೆಸರಿನ ಒಂದು ಚಕ್ಕೆ. ಬಿಸಿಲಿಗೆ ಅಂಚು ಮೇಲೆದ್ದಿತ್ತು. ಚಕ್ಕೆಯ ಮೇಲೆ ಒಂದು ಪುಟ್ಟ ಬಾಲದ ಗುರುತು, ಅತ್ತಿತ್ತ ಬಡಿದಾಡಿದ ಗುರುತು.

ಸಣ್ಣೀರಮ್ಮ ಅದನ್ನೇ ನೋಡಿದಳು. ಅವಳ ಗಂಟಲು ಸೊಂಯ್ಯನೆ ಇಳಿದುಹೋಯಿತು. ಇಷ್ಟು ದಿನದಲ್ಲಿ ಮೊದಲ ಸಲ ಅವಳಿಗೆ ಸುತ್ತಲಿನದೆಲ್ಲ ಕೇಳಿಸಿತು. ಎಲ್ಲ ಸದ್ದೂ ಕೇಳಿಸಿತು, ನೀರು ಹರಿಯುವ ಸದ್ದೊಂದನ್ನು ಬಿಟ್ಟು.

"ಹಾಡಬೇಕು," ಎಂದಳು. "ಯಾರೋ ನೀರಿಗೆ ಅಡ್ಡ ಕೂತಿದ್ದಾರೆ."

"ಹಾಡುತ್ತಲೇ ಇದ್ದೇವಲ್ಲ ತಾಯಿ! ಹುಲಿಯ ಹೆಸರಿನಲ್ಲಿ," ಎಂದ ಜಂಬುಲಿಂಗ.

"ಹುಲಿ ಅಲ್ಲ. ಈಗ ಕೂತಿರೋರು ಯಾರು ಅಂತ ನಾನು ಹೋಗಿ ನೋಡಬೇಕು."

ಧವಳಪ್ಪ ಎರಡೂ ಕಣ್ಣು ತೆರೆದ. "ಪಠ್ಯ ತಿದ್ದುತ್ತೀರಾ? ನಿಮ್ಮಜ್ಜಿಯ ಹಾಡನ್ನು? ಇದು ಪರಂಪರೆಗೆ ಅವಮಾನ."

"ಇದು ನಮ್ಮ ಕೂಟಕ್ಕೂ ಅವಮಾನ," ಎಂದ ಲಾಗಪ್ಪ.

"ಮೊದಲು ನಮ್ಮ ಕೂಟಕ್ಕೆ!" ಎಂದ ಜಂಬುಲಿಂಗ.

ಅವರು ಯಾರಿಗೆ ಮೊದಲು ಅವಮಾನವಾಯಿತೆಂದು ತೀರ್ಮಾನಿಸುವಷ್ಟರಲ್ಲಿ ಸಣ್ಣೀರಮ್ಮ ಮಾಲೆಯಿಂದ ನುಸುಳಿ ಕಟ್ಟೆಯ ಹಿಂಬದಿಗೆ ಧುಮುಕಿದ್ದಳು. ಬಂಡಯ್ಯನ ಹಿಂದೆ ಹೊಂಡದತ್ತ ಓಡಿದಳು. ಓಟ ಎಂದರೆ ಅವಳ ವಯಸ್ಸಿನ ಓಟ. ಮೂರು ನೆಗೆತಕ್ಕೆ ಒಂದು ಉಸಿರು.

ಹೊಂಡ ಇರಲಿಲ್ಲ. ಜೊಂಡಿನ ಬುಡದಲ್ಲಿ ಬಿರುಕು ಬಿಟ್ಟ ನೆಲ. ನಡುವೆ, ಎಂದೋ ಕಡವೆ ಹೆಜ್ಜೆಯಿಟ್ಟ ಗುಳಿಯಲ್ಲಿ, ಅಂಗೈಯಷ್ಟು ನೀರು. ಆ ನೀರಿನಲ್ಲಿ ಕರಿಎಳ್ಳು ಸುರಿದಂತೆ ಗೊದಮೊಟ್ಟೆಗಳು. ಒಂದರ ಮೇಲೊಂದು, ಬಾಯಿ ಮೇಲೆ ಮಾಡಿಕೊಂಡು. ಇಷ್ಟು ದಿನ ಬಂಡಯ್ಯ ಒಬ್ಬನೇ ಕೊಂಡಿಯಿಂದ ತೋಡಿ ತೋಡಿ ಆ ಗುಳಿಯ ತಳದಿಂದ ಕೆಸರುನೀರು ಬರಿಸುತ್ತಿದ್ದ. ಅವನ ಒಂದು ಕೊಂಡಿಯ ತುದಿ ಮುರಿದಿತ್ತು.

ಸಣ್ಣೀರಮ್ಮ ಅಳಲಿಲ್ಲ. ಅಳುವುದಕ್ಕೆ ಹೊತ್ತಿರಲಿಲ್ಲ. ಅಜ್ಜಿಯ ಕಟ್ಟಳೆಯಂತೆ ತಿರುಗಿ ತೊರೆಯ ಒಳಗೇ ಇಳಿದು, ಕೆಳಗಿನಿಂದ ಮೇಲಕ್ಕೆ ನಡೆಯತೊಡಗಿದಳು. ಜೊಂಡು ದಾಟಿದಳು. ಒಣಗಿತ್ತು. ಬಿದಿರ ಮೆಳೆ ದಾಟಿದಳು. ಒಣಗಿತ್ತು. ನರಿ ಅಡ್ಡ ಕೂತಿರಲಿಲ್ಲ. ಮುಸುವ ಅಡ್ಡ ಕೂತಿರಲಿಲ್ಲ. ಕೋರೆಯ್ಯನೂ ಅಡ್ಡ ಮಲಗಿರಲಿಲ್ಲ. ಕಾದ ಮರಳು ಪಾದ ಸುಡುತ್ತಿತ್ತು.

ತೊರೆ ಮುಗಿದಲ್ಲಿ ಒಂದು ಗೋಡೆ ಎದುರಾಯಿತು. ಜೇಡಿಮಣ್ಣು ಮೆತ್ತಿದ ಚಪ್ಪಡಿ. ಅದರ ಮೇಲಿನಿಂದ ಹೊಂಗೆ ಹೂವಿನ ಮಾಲೆಗಳು ಇಳಿಬಿದ್ದಿದ್ದವು. ಮೇಲೆ, ನಟ್ಟನಡುವೆ, ಅವಳು ಕೂತು ಕೂತು ನುಣುಪಾದ ಅವಳದೇ ಜಾಗ.

ಇಷ್ಟು ದಿನ ಮೇಲಿನಿಂದ ಮಾತ್ರ ಕಂಡಿದ್ದ ಕಟ್ಟೆಯನ್ನು ಅವಳು ಕೆಳಗಿನಿಂದ ನೋಡಿದ್ದು ಅದೇ ಮೊದಲು.

ಆಚೆ ಬದಿಯಲ್ಲಿ ಎರಡು ಕೂಟಗಳೂ ಜೋರಾಗಿ ಹಾಡುತ್ತಿದ್ದವು. ಸಣ್ಣೀರಮ್ಮ ಆ ಮಣ್ಣುಗೋಡೆಯ ಬುಡದಲ್ಲಿ, ಒಣ ಮರಳಿನ ಮೇಲೆ ಕೂತು, ಇದ್ದಷ್ಟೂ ಉಸಿರು ಕೂಡಿಸಿ ಹಾಡಿದಳು.

"ಹರಿಯೋ ನೀರಿಗೆ ಅಡ್ಡ ಕೂತಿರೋದು ಯಾರು?
ಕೂತಿರೋದು ಸಣ್ಣೀರಿ, ಏಳಲಿ ಮ್ಯಾಲೆ!
ಕಾಲು ಮೂಡದ ಕೂಸು ಕೆಳಗಡೆ ಐತೆ,
ಬಿಡಿರಪ್ಪೊ ದಾರಿ, ಬಿಡಿರಪ್ಪೊ ದಾರಿ!"

ಆಚೆಯ ಹಾಡು ನಿಂತಿತು. ತಲೆಗಳು ಕಟ್ಟೆಯ ಮೇಲಿನಿಂದ ಇಣುಕಿದವು.

"ಯಾರ ಹೆಸರು ಹಾಡಿದಳು?"

"ತನ್ನದೇ!"

ಆ ಗಳಿಗೆಯಲ್ಲಿ ಹಾಡು ತನ್ನ ಕೆಲಸ ಮಾಡಿಬಿಡುತ್ತಿತ್ತೋ ಏನೋ. ಜಂಬುಲಿಂಗ ಅಷ್ಟಕ್ಕೆ ಬಿಡುವನೇ?

"ಬಂಧುಗಳೇ, ಕೇಳಿದಿರಾ! ಎಂಥ ತ್ಯಾಗ! ಸಣ್ಣೀರಿ ಅಂದರೆ ಸಣ್ಣೀರಿಯಲ್ಲ. ಆಕೆಯ ಬಾಯಲ್ಲಿ ಸಣ್ಣೀರಿ ಅಂದರೆ ಮುಸುವ!"

"ಸುಳ್ಳು! ಸಣ್ಣೀರಿ ಅಂದರೆ ನರಿ!" ಎಂದ ಲಾಗಪ್ಪ.

"ಛಂದಸ್ಸು ಕೆಟ್ಟಿತು," ಎಂದ ಧವಳಪ್ಪ.

"ಸಣ್ಣೀರಿ ಅಂದ್ರೆ ನಾನೇ ಕಣ್ರೋ!" ಎಂದು ಅವಳು ಕೆಳಗಿನಿಂದ ಕೂಗಿದಳು. "ನಾನು ಎದ್ದಾಯ್ತು. ಈ ಕಲ್ಲು ತೆಗೀರಿ!"

"ಕಟ್ಟೆ ತೆಗೆಯುವುದೇ? ಹಾಡಿಗೆ ದ್ರೋಹ!" ಎರಡೂ ಕೂಟಗಳು ಒಂದೇ ದನಿಯಲ್ಲಿ ಹೇಳಿದವು. "ತಾಯಿ, ನಿಮಗೆ ಹಾಡು ಅರ್ಥವಾಗಿಲ್ಲ."

ಆಗ ಗುಂಪಿನ ಹಿಂದೆ ಏನೋ ಕದಲಿತು. ಮೊಲಗಳು ಅತ್ತ, ಅಳಿಲುಗಳು ಇತ್ತ ಚದುರಿದವು. ಕೋರೆಯ್ಯ ಬರುತ್ತಿದ್ದ. ಹಾಡಿನ ಶತ್ರುವೆಂದು ಅವನನ್ನು ಸಭೆಯಲ್ಲಿ ಕೂರಿಸಿರಲಿಲ್ಲ. ದೂರದ ಪೊದೆಯಲ್ಲಿ ಮಲಗಿದ್ದವನು ಎದ್ದು ಬಂದಿದ್ದ.

"ಅಜ್ಜೀ, ಹೆಸರು ನೋಡಿ ಹಾಕಿದ್ದಾ, ನೋಡದೆ ಹಾಕಿದ್ದಾ?" ಎಂದು ಕೇಳಿದ.

"ನಡೆದು ನೋಡಿ ಹಾಕಿದ್ದು ಕಣಪ್ಪ."

"ಹಾಗಾದ್ರೆ ಸರಿ. ಪಕ್ಕಕ್ಕೆ ಸರಿ."

"ಏಯ್ ಕೋರೆಯ್ಯ, ನಿನಗೆ ಈ ಹಾಡಿನ ಅರ್ಥ ಗೊತ್ತೇನೋ?" ಎಂದು ಧವಳಪ್ಪ ಅಡ್ಡ ನಿಂತ.

"ಹತ್ತು ಬೇಸಿಗೆ ಈ ಹಾಡಲ್ಲಿ ಬೈಸಿಕೊಂಡಿದ್ದೀನಿ ಸ್ವಾಮಿ. ಏಳಬೇಕು ಅನ್ನೋದೇ ಅದರ ಅರ್ಥ. ನಿಮಗ್ಯಾರಿಗೂ ಇದು ಗೊತ್ತಿಲ್ಲ ಅಂದ್ರೆ, ನಿಮ್ಮ ಹೆಸರು ಯಾರೂ ಹಾಡಿಲ್ಲ, ಅಷ್ಟೇ."

ಮೂತಿಯನ್ನು ಚಪ್ಪಡಿಯ ಅಡಿಗೆ ಕೊಟ್ಟು, ಹಿಂಗಾಲು ಊರಿ, ಒಂದೇ ಸಲ ಎತ್ತಿ ಮಗುಚಿದ. ಏಳು ದಿನ ತಡೆದಿದ್ದ ಮಡು ಭೋರೆಂದು ನುಗ್ಗಿತು. ಮಾಲೆಗಳು ಹೋದವು, ಜೇಡಿಮಣ್ಣು ಹೋಯಿತು. ಕಟ್ಟೆಯ ಮೇಲೆ ನಿಂತು ಅದನ್ನು ಮುಟ್ಟಬಾರದೆಂದು ಆಣೆ ಇಡುತ್ತಿದ್ದ ಇಬ್ಬರು ಮುಖಂಡರೂ ಒಬ್ಬರ ಬಾಲ ಒಬ್ಬರು ಹಿಡಿದುಕೊಂಡು ಬಿದಿರ ಮೆಳೆಯವರೆಗೆ ಹೋದರು. ಧವಳಪ್ಪನಿಗೆ ಎರಡು ಕಾಲಿವೆಯೆಂದು ಅವತ್ತು ಎಲ್ಲರಿಗೂ ಗೊತ್ತಾಯಿತು.

ನೀರು ಹೊಂಡ ಮುಟ್ಟಿತು. ಗುಳಿಯ ಅಂಚಿನಲ್ಲಿ ಕೊಂಡಿ ಊರಿ ಕೂತಿದ್ದ ಬಂಡಯ್ಯನನ್ನು ಎತ್ತಿ ಪಕ್ಕಕ್ಕಿಟ್ಟಿತು.

ಗೊದಮೊಟ್ಟೆಗಳಲ್ಲಿ ಬದುಕಿದ್ದು ಅರ್ಧಕ್ಕಿಂತ ಕಡಿಮೆ. ಕತೆಯಲ್ಲವೇ, ಎಲ್ಲವನ್ನೂ ಬದುಕಿಸಿದರೆ ಏನಾಗುತ್ತಿತ್ತು ಎಂದು ನೀವು ಕೇಳಬಹುದು. ಏಳು ದಿನ ತಡವಾದರೆ ಏಳು ದಿನದ್ದು ತಡವೇ. ಕತೆಯಾದರೂ ಸುಳ್ಳು ಹೇಳಬಾರದು.

ಜಂಬುಲಿಂಗ ಮತ್ತು ಲಾಗಪ್ಪ ಮೈ ಒಣಗಿದ ಮೇಲೆ ಏನು ಮಾಡಿದರು ಗೊತ್ತೇ? ಕಟ್ಟೆ ಉರುಳಿಸಿದ್ದು ತಮ್ಮ ಹೋರಾಟದ ಫಲವೆಂದು ನೆಲವಾಸಿಗಳು ಎಡದಂಡೆಯಲ್ಲಿ ಒಂದು ಹಬ್ಬ ಮಾಡಿದರು. ತಮ್ಮದೆಂದು ಮರವಾಸಿಗಳು ಬಲದಂಡೆಯಲ್ಲಿ ಇನ್ನೊಂದು ಹಬ್ಬ ಮಾಡಿದರು. ಎರಡಕ್ಕೂ ಧವಳಪ್ಪನದೇ ಮುಖ್ಯ ಭಾಷಣ. ಸಣ್ಣೀರಮ್ಮನಿಗೆ ಎರಡೂ ಕಡೆಯಿಂದ ಕರೆ ಬಂತು. ಅವಳು ಹೋಗಲಿಲ್ಲ. ಕೋರೆಯ್ಯನನ್ನು ಯಾರೂ ಕರೆಯಲಿಲ್ಲ. ಕರೆದಿದ್ದರೂ ಅವನು ನಿದ್ದೆಯಲ್ಲಿದ್ದ, ಈ ಸಲ ತೊರೆಯಿಂದ ಮಾರುದೂರ ಸರಿದು.

ಮುಂದಿನ ಬೇಸಿಗೆಯ ಹೊತ್ತಿಗೆ ಉಳಿದ ಗೊದಮೊಟ್ಟೆಗಳಿಗೆ ಕಾಲು ಮೂಡಿ, ಬಾಲ ಉದುರಿ, ದನಿಯೂ ಒಡೆದಿತ್ತು. ಸಣ್ಣೀರಮ್ಮ ಅವನ್ನೆಲ್ಲ ಜೊಂಡಿನ ನೆರಳಲ್ಲಿ ಕೂರಿಸಿ ಹಾಡು ಹೇಳಿಕೊಟ್ಟಳು. ಎರಡನೆಯ ಸಾಲು ಬಂದಾಗ ನಿಲ್ಲಿಸಿದಳು.

"ಅಜ್ಜೀ, ಇಲ್ಲಿ ಯಾರ ಹೆಸರು?" ಎಂದವು ಮರಿಗಳು. "ಹುಲಿಯದಾ? ನರಿಯದಾ?"

ಪಕ್ಕದ ಬಿಲದಿಂದ ಬಂಡಯ್ಯನ ಕಣ್ಣು ಹೊರಬಂತು. ಏನು ಹೇಳುತ್ತಾಳೋ ನೋಡೋಣ ಎಂಬಂತೆ.

ಸಣ್ಣೀರಮ್ಮ ಎದ್ದು ಪಾದ ಕೊಡವಿಕೊಂಡಳು.

"ನಡೀರಿ, ನೋಡ್ಕೊಂಡು ಬರೋಣ," ಎಂದಳು. "ಕೆಳಗಿನಿಂದ ಶುರು ಮಾಡಬೇಕು."

ನೀತಿ: ನ್ಯಾಯ ಕೇಳುವ ಹಾಡನ್ನು ಹಾಡಿದರೆ ಸಾಲದು, ತಾನೇ ಯಾರ ದಾರಿಗೆ ಅಡ್ಡ ಕೂತಿದ್ದೇನೆಂದು ಮೊದಲು ಕೆಳಗಿಳಿದು ನೋಡಬೇಕು.